ತಮ್ಮನ ಹೆಂಡತಿಗೆಂದು ಕಟ್ಟಿದ ವರಸೆ ಪುಟ

ನನ್ನ ತಮ್ಮ ಕೋಸ್ತಾ ಕಡೆಯ, ಅಂದರೆ ಆಂಧ್ರದ ಕರಾವಳಿಯ, ತೆಲುಗು ಹುಡುಗಿಯನ್ನು ಮದುವೆಯಾದ. ನಮ್ಮದು ಆಂಧ್ರದ ಗಡಿಯಲ್ಲಿರುವ ಕನ್ನಡದ ಮನೆ. ಇಬ್ಬರಿಗೂ ಅಲ್ಲಿನ ಆದೋನಿಯ ಒಂದೇ ಬ್ಯಾಂಕಿನಲ್ಲಿ ಕೆಲಸ. ಹುಡುಗಿ ಚುರುಕು, ನಗುಮೊಗದವಳು, ತಂದೆತಾಯಿಗೆ ಒಬ್ಬಳೇ ಮಗಳು. ಆದರೆ ನಿಶ್ಚಿತಾರ್ಥದ ದಿನ ನಮ್ಮ ದೊಡ್ಡಜ್ಜಿಯೊಬ್ಬರನ್ನು "ಅಕ್ಕಾ" ಎಂದು ಕರೆದುಬಿಟ್ಟಳು. ದೊಡ್ಡಜ್ಜಿ ತಲೆಗೆ ಕರ್ರಗೆ ಬಣ್ಣ ಹಚ್ಚಿಕೊಂಡು ಬಂದಿದ್ದರು, ಹುಡುಗಿಯದೇನೂ ತಪ್ಪಿಲ್ಲ. ಆದರೂ ಹೆಂಗಸರೆಲ್ಲ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಅಂದಿನಿಂದ ಆಕೆ ನಮ್ಮವರ ಮುಂದೆ ಬಾಯಿಗೆ ಬೀಗ ಹಾಕಿದಳು. ಯಾರಾದರೂ ಎದುರಾದರೆ ತಮ್ಮನ ತೋಳು ತಿವಿದು "ಏಮನಿ ಪಿಲವಾಲಿ?" ಎನ್ನುವುದು, ಅಂದರೆ ಏನಂತ ಕರೆಯಲಿ ಎಂದು ಕೇಳುವುದು. ಅವನೋ, ತಲೆ ಕೆರೆದುಕೊಳ್ಳುವುದು.

ಆಲೂರಿನಲ್ಲಿ ನಾವು ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೆ ಬಳಗವೆಲ್ಲ ಬರುವುದಿತ್ತು. ತಮ್ಮ ಫೋನ್ ಮಾಡಿದ.

"ಆಕಿ ಬರಂಗಿಲ್ಲ ಅಂತಾಳಕ್ಕ. ಮತ್ತ ಎಲ್ಲಾರು ನಗ್ತಾರಂತ ಅಂಜಿಕಿ."

ನನಗೆ ಸಿಟ್ಟು ನೆತ್ತಿಗೇರಿತು. ಆಕೆಯ ಮೇಲಲ್ಲ, ನಕ್ಕವರ ಮೇಲೆ. ನಮ್ಮ ಮನೆಗೆ ಬಂದ ಹುಡುಗಿ ನಮ್ಮ ಮನೆಯವರಿಗೇ ಅಂಜಿ ಕೂರುವುದೆಂದರೇನು? ಆಕೆ ಬರಲೇಬೇಕು, ತಲೆ ಎತ್ತಿಕೊಂಡೇ ಬರಬೇಕು ಎಂದು ಹಟ ಹಿಡಿದೆ.

ನಾನು ಆದೋನಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಪೈಥಾನ್ ಕಲಿಸುತ್ತೇನೆ. ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟಲು ಜಾಂಗೋ ಎಂಬ ಸಿದ್ಧ ಚೌಕಟ್ಟು ಇದೆ. ಮಾಹಿತಿ ಹೇಗೆ ಕೂರಬೇಕು ಎಂದು ಮಾಡೆಲ್‌ನಲ್ಲಿ ಹೇಳಬೇಕು, ಅದರಿಂದ ಏನನ್ನು ತೆಗೆದು ತೋರಿಸಬೇಕು ಎಂದು ವ್ಯೂನಲ್ಲಿ ಹೇಳಬೇಕು. ನನ್ನ ಯೋಚನೆ ಸರಳವಾಗಿತ್ತು. ಬಳಗದವರ ಫೋಟೊ ಇರುವ ಒಂದು ಪುಟ. ಯಾರ ಫೋಟೊ ಮುಟ್ಟಿದರೂ ಅವರು ಆಕೆಗೆ ಏನಾಗಬೇಕು, ಏನಂತ ಕರೆಯಬೇಕು ಎಂದು ಬರಬೇಕು. ನಮ್ಮ ಕಡೆ ಇದಕ್ಕೆ ವರಸೆ ಎನ್ನುತ್ತಾರೆ. ವರಸೆ ಹಿಡಿದು ಮಾತಾಡಿಸದಿದ್ದರೆ ನಮ್ಮವರು ಕೊಟ್ಟ ನೀರನ್ನೂ ಕುಡಿಯದ ಮಂದಿ.

ಮೊದಲ ಏಟಿಗೇ ಜಾಂಗೋ ತಕರಾರು ತೆಗೆಯಿತು. ಪ್ರತಿಯೊಬ್ಬರಿಗೂ ತಾಯಿ ಯಾರು, ತಂದೆ ಯಾರು ಎಂದು ಕೊಂಡಿ ಹಾಕಿದ್ದೆ. ಕೊಂಡಿ ಹಿಡಿದು ಹಿಂದಕ್ಕೆ ಬಂದರೆ ತಾಯಿಗೂ ತಂದೆಗೂ ಮಕ್ಕಳು ಒಂದೇ ಹೆಸರಿನಲ್ಲಿ ಸಿಗುತ್ತಾರೆ, ಹೀಗಾದರೆ ನಡೆಯದು ಎಂದು ಕೆಂಪು ಅಕ್ಷರದಲ್ಲಿ ಹೇಳಿತು. ಎರಡು ಕಡೆಗೂ ಬೇರೆ ಬೇರೆ ಹೆಸರು ಕೊಟ್ಟೆ, ಸುಮ್ಮನಾಯಿತು. ವಿದ್ಯಾರ್ಥಿಗಳು ದಿನವೂ ಮಾಡುವ ತಪ್ಪು ಇದು. ಕ್ಲಾಸಿನಲ್ಲಿ ಬೈಯುತ್ತೇನೆ, ಮನೆಯಲ್ಲಿ ಬೈಯುವವರು ಯಾರೂ ಇರಲಿಲ್ಲ.

ಆಮೇಲೆ ತಾಯಿ, ತಂದೆ, ಗಂಡ, ಹೆಂಡತಿ ಇವಿಷ್ಟನ್ನು ಕೊಟ್ಟರೆ ಉಳಿದ ವರಸೆಯನ್ನು ತಾನೇ ಹುಡುಕಿ ಬರೆದಿಡುವ ಹಾಗೆ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಆಸ್ಪರಿಯ ಚಿಕ್ಕಮ್ಮನ ಫೋಟೊ ಮುಟ್ಟಿದೆ: ಸಣ್ಣತ್ತೆ. ನಂದವರಂನ ದೊಡ್ಡಪ್ಪನನ್ನು ಮುಟ್ಟಿದೆ: ದೊಡ್ಡಮಾವ. ಖುಷಿಯಿಂದ ಒಬ್ಬಳೇ ಚಪ್ಪಾಳೆ ತಟ್ಟಿದೆ. ಕೊನೆಗೆ ನನ್ನ ಫೋಟೊ ಮುಟ್ಟಿದರೆ ಪುಟವೇ ಮುರಿದು ಬಿತ್ತು. ನನ್ನ ಗಂಡನ ಫೋಟೊ ಮುಟ್ಟಿದರೂ ಅದೇ ಗತಿ. ಒಂದು ಉತ್ತರ ಕೇಳಿದಿರಿ, ಎರಡು ಸಿಕ್ಕಿವೆ ಎಂಬುದು ಜಾಂಗೋದ ದೂರು.

ಎಲ್ಲೋ ಎರಡು ಸಲ ಬರೆದಿರಬೇಕು ಎಂದು ಒಂದನ್ನು ಅಳಿಸಿದೆ. ಪ್ರೋಗ್ರಾಂ ಮತ್ತೆ ಓಡಿಸಿದ ಕೂಡಲೇ ಅಳಿಸಿದ್ದು ಬಂದು ಕೂತಿತು. ಇದರ ಸೊಕ್ಕು ಮುರಿಯುತ್ತೇನೆ ಎಂದು, ಒಬ್ಬರಿಗೆ ಇನ್ನೊಬ್ಬರು ಒಂದೇ ವರಸೆ ಆಗಬೇಕು ಎಂಬ ಕಟ್ಟಳೆಯನ್ನು ಮಾಡೆಲ್‌ಗೇ ಹಾಕಿದೆ. ಒಳಗಿರುವ ಮಾಹಿತಿಯೇ ಈ ಕಟ್ಟಳೆ ಮೀರಿದೆ, ಇದನ್ನು ಹಾಕಲಾಗದು ಎಂದು ಡೇಟಾಬೇಸ್ ಸಾರಾಸಗಟಾಗಿ ಹೇಳಿತು. ಪರೀಕ್ಷೆಗೆಂದು ನನಗೆ ಯಾರು ಏನಾಗಬೇಕು ಎಂದು ನೋಡಿದರೆ ಅಲ್ಲಿ ನಮ್ಮಜ್ಜಿಗೂ ಎರಡು ವರಸೆ.

ಅಜ್ಜಿ ಅಲ್ಲೇ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಏನಾತವ್ವ, ಆ ಡಬ್ಬಿ ಜೋಡಿ ಯಾಕ ಜಗಳಾಡ್ತಿ?"

"ನೀ ಎರಡು ಸಲ ಬರಾಕತ್ತೀ ಅಜ್ಜಿ. ಅತ್ತಿ ಅಂತ ಒಂದು, ಅಜ್ಜಿ ಅಂತ ಒಂದು. ಒಂದನ್ನ ತೆಗೀಬೇಕು."

"ತೆಗಿ ನೋಡಾನ!" ಎಂದು ಅಜ್ಜಿ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.

ನನಗೂ ನಗು ತಡೆಯಲಾಗಲಿಲ್ಲ. ನಾನು ಮದುವೆಯಾಗಿರುವುದು ಸೋದರಮಾವನನ್ನು, ಅಂದರೆ ಅಮ್ಮನ ಸ್ವಂತ ತಮ್ಮನನ್ನು. ಹುಟ್ಟಿದಾಗಿನಿಂದ ಅಜ್ಜಿಯಾಗಿದ್ದವಳು ಮದುವೆಯ ಮರುದಿನದಿಂದ ಅತ್ತೆಯೂ ಆದಳು. ಬೈಯುವಾಗ ಅತ್ತೆ, ಉಣ್ಣಿಸುವಾಗ ಅಜ್ಜಿ. ನಮ್ಮ ಬಳಗದಲ್ಲಿ ಮನೆಗೊಂದು ಇಂಥ ಮದುವೆ ಇದೆ. ಅದು ಎಷ್ಟು ರೂಢಿಯೆಂದರೆ, ಮಾಡೆಲ್ ಬರೆಯುವಾಗ ನನ್ನ ಮದುವೆಯೇ ನನಗೆ ನೆನಪಾಗಲಿಲ್ಲ. ತಮ್ಮನ ಹೆಂಡತಿಗೆ ನಾನು ಗಂಡನ ಅಕ್ಕ, ಆದ್ದರಿಂದ ಅಕ್ಕ. ಗಂಡನ ಸೋದರಮಾವನ ಹೆಂಡತಿಯೂ ಹೌದು, ಆದ್ದರಿಂದ ಅತ್ತೆ. ನನ್ನ ಗಂಡ ಒಂದು ದಾರಿಯಲ್ಲಿ ಆಕೆಗೆ ಮಾವ, ಇನ್ನೊಂದು ದಾರಿಯಲ್ಲಿ ಗಂಡನ ಅಕ್ಕನ ಗಂಡ, ಅಂದರೆ ಅಣ್ಣ. ಪ್ರೋಗ್ರಾಂ ಸರಿಯಾಗಿಯೇ ಇತ್ತು. ಒಂದೇ ಉತ್ತರ ಬೇಕೆಂದು ಹಟ ಮಾಡಿದ್ದು ನನ್ನ ವ್ಯೂ.

ಕಟ್ಟಳೆ ಕಿತ್ತುಹಾಕಿದೆ. ಒಂದನ್ನು ಕೊಡು ಎಂದಿದ್ದ ಜಾಗದಲ್ಲಿ ಇರುವುದನ್ನೆಲ್ಲ ಕೊಡು ಎಂದು ಬದಲಾಯಿಸಿದೆ. ಪುಟ ತೆರೆಯಿತು. ಪುಟದ ಲಿಂಕನ್ನು ಆಕೆಯ ಫೋನಿಗೆ ಕಳಿಸಿದೆ.

ಸಂಜೆ ಆಕೆಯೇ ಫೋನ್ ಮಾಡಿದಳು, ಮೊದಲ ಸಲ.

"ಅಕ್ಕಾ, ಮೀಕು ರೆಂಡು ಉನ್ನಾಯೇಂಟಿ?"

"ಹೌದವ್ವ, ನನಗ ಎರಡ ಅದಾವ, ನಮ್ಮನಿಯವ್ರಿಗೂ ಎರಡ. ರೆಂಡೂ ಕರೆಕ್ಟೇ. ನಿನಗ ಯಾವುದು ಬೇಕೋ ಅದನ್ನ ತಗೋ."

ಆಕೆ ತನ್ನ ಹೊಸ ಕನ್ನಡದಲ್ಲಿ, "ಹಂಗಾದ್ರ ನಿಮ್ಮಿಬ್ಬರ ಹತ್ರ ನಾ ತಪ್ಪು ಮಾಡಾಕ ಬರಂಗೇ ಇಲ್ಲ?" ಎಂದಳು. ಬರುತ್ತೇನೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಯಾವ ಬಣ್ಣದ ಸೀರೆ ಉಡಲಿ ಎಂದು ಕೇಳಿದಳು.

ಗೃಹಪ್ರವೇಶದ ದಿನ ನಾನು ಬಾಗಿಲಲ್ಲೇ ನಿಂತಿದ್ದೆ. ಆಕೆ ಬಂದಳು. ಹಸಿರು ಸೀರೆ, ಕೈಯಲ್ಲಿ ಫೋನು. ಒಬ್ಬೊಬ್ಬರ ಮುಂದೆ ನಿಂತು, ಫೋನಿನ ಕಡೆ ಕಳ್ಳನೋಟ ಹಾಯಿಸಿ, ಸಣ್ಣತ್ತಿ, ದೊಡ್ಡಮಾವ ಎನ್ನುತ್ತ ಹೋದಳು. ಬಣ್ಣದ ತಲೆಯ ದೊಡ್ಡಜ್ಜಿ ತಾನಾಗಿಯೇ ಮುಂದೆ ಬಂದು ಆಕೆಯ ಗಲ್ಲ ಹಿಡಿದು ಲಟಿಕೆ ಮುರಿದರು. ನನ್ನ ಎದೆ ಹೂವಾಯಿತು.

ಊಟಕ್ಕೆ ಸಾಲು ಕೂತಿತ್ತು. ಆಕೆ ಹೋಳಿಗೆಯ ತಟ್ಟೆ ಹಿಡಿದು ನನ್ನ ಗಂಡನ ಮುಂದೆ ಬಂದಳು. ಮೇಷ್ಟ್ರು ಮನುಷ್ಯ, ಗಂಭೀರ. ಮಾವನ ಮುಂದೆ ನಮ್ಮಲ್ಲಿ ಸೊಸೆಯಂದಿರು ಕುರ್ಚಿಯ ಮೇಲೆ ಕೂರುವುದಿಲ್ಲ, ಜೋರಾಗಿ ನಗುವುದಿಲ್ಲ. ಅಣ್ಣನ ಮುಂದೆ ಎರಡೂ ನಡೆಯುತ್ತದೆ.

ಆಕೆ ಈ ಸಲ ಫೋನ್ ನೋಡಲಿಲ್ಲ. "ಅಣ್ಣಾ, ಇನ್ನೊಂದು ಹಾಕ್ಲ್ಯಾ?"

"ಮಾವ ಅನಬೇಕವ್ವ," ಎಂದರು ಪಕ್ಕದಲ್ಲಿದ್ದ ಆಸ್ಪರಿಯ ಚಿಕ್ಕಮ್ಮ.

"ರೆಂಡೂ ಕರೆಕ್ಟೇ, ಸಣ್ಣತ್ತಿ," ಎಂದು ಆಕೆ ಜೋರಾಗಿ ನಕ್ಕಳು.

ನನ್ನ ಗಂಡ ತಲೆ ಎತ್ತಿ ಆಕೆಯನ್ನೇ ನೋಡಿದ. ಮನೆಗೆ ಕಿರಿಯ ಮಗ ಅವನು. ಮೇಲೆ ಅಕ್ಕಂದಿರು ಸಾಲುಸಾಲು, ಕೆಳಗೆ ತಂಗಿ ಇಲ್ಲ. ಅಣ್ಣಾ ಎಂದು ಅವನನ್ನು ಆ ಮನೆಯಲ್ಲಿ ಯಾರೂ ಕರೆದಿರಲಿಲ್ಲ. ಎಂದೂ ಒಂದಕ್ಕಿಂತ ಹೆಚ್ಚು ಹೋಳಿಗೆ ಮುಟ್ಟದವನು ಮತ್ತೊಂದು ಹಾಕಿಸಿಕೊಂಡ, ಅದು ಮುಗಿದ ಮೇಲೆ ಇನ್ನೊಂದನ್ನೂ.

ಸಾಲಿನ ಆ ತುದಿಯಲ್ಲಿ ಕೂತಿದ್ದ ಅಜ್ಜಿ ಅಲ್ಲಿಂದಲೇ ಮಗನಿಗೆ ಹೇಳಿದಳು, "ಅಣ್ಣ ಆದ ಮ್ಯಾಲ ಪಂಚಮಿಗೆ ತಂಗೀನ ಕರಿಯಾಕ ಹೋಗಬೇಕಪ್ಪ, ತಿಳೀತೇನು?"

ಪಂಚಮಿಗೆ ಅಣ್ಣಂದಿರು ಹೋಗಿ ತಂಗಿಯರನ್ನು ತವರಿಗೆ ಕರೆತರುವುದು ನಮ್ಮ ಪದ್ಧತಿ. ಆ ವರ್ಷ ನಾಗರಪಂಚಮಿಯ ಹಿಂದಿನ ದಿನ ನನ್ನ ಗಂಡ ಬೆಳಿಗ್ಗೆಯೇ ಇಸ್ತ್ರಿ ಅಂಗಿ ಹಾಕಿಕೊಂಡು, ಕೊಬ್ಬರಿ ಬಟ್ಟಲು, ಸೀರೆ ಚೀಲದಲ್ಲಿಟ್ಟುಕೊಂಡು ಬೈಕಿನಲ್ಲಿ ಆದೋನಿಗೆ ಹೊರಟ. ಹೆಣ್ಣು ನೋಡಲು ಬಂದಾಗಲೂ ಅವನು ಇಷ್ಟು ಸಡಗರ ಪಟ್ಟಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೈಕು ಅಂಗಳಕ್ಕೆ ಬಂತು. ನಾನು ಉಂಡಿ ಕಟ್ಟುತ್ತಿದ್ದ ಬೆಲ್ಲದ ಕೈಯಲ್ಲೇ ಎದ್ದು ಬಂದೆ. ಆಕೆ ಹಿಂದಿನ ಸೀಟಿನಿಂದ ಇಳಿಯುವ ಮೊದಲೇ ಕೂಗಿದಳು:

"ಅತ್ತಿಗೀ, ನಾ ತವರುಮನಿಗೆ ಬಂದೀನ್ರಿ!"

ಅಣ್ಣನ ಹೆಂಡತಿ ಅತ್ತಿಗೆ. ನನ್ನ ಪುಟದಲ್ಲಿ ನನ್ನ ಹೆಸರಿನ ಮುಂದೆ ಆ ವರಸೆ ಇರಲೇ ಇಲ್ಲ.