ಸಿಲ್ವರ್ ಪೇಂಟ್ ಬಳಿದ ಬಂದೂಕು

ಜಗಳೂರು ಕೋರ್ಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಕೀಲಿಕೆ ಮಾಡುತ್ತಿದ್ದೇನೆ. ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳದ ಕಕ್ಷಿದಾರರು ಬೇಕಾದಷ್ಟು ಜನ ಸಿಕ್ಕಿದ್ದಾರೆ. ಆದರೆ ಬಿಳಿಚೋಡಿನ ದುರುಗಕ್ಕನಂಥವಳು ಒಬ್ಬಳೇ. ಅಂಗನವಾಡಿಯಲ್ಲಿ ಅಡುಗೆ ಮಾಡುವ ಹೆಂಗಸು, ನನಗೇ ಪಾಠ ಹೇಳಿ ಹೋದಳು.

ಅವಳ ಮನೆಯಲ್ಲಿ ಮುತ್ತಜ್ಜನ ಕಾಲದ ಬಂದೂಕೊಂದಿತ್ತು, ಬತ್ತಿ ಹಚ್ಚಿ ಹೊಡೆಯುವಂಥದ್ದು. ಆಯುಧಪೂಜೆಯ ದಿನ ಎಣ್ಣೆ ಸವರಿ ಕುಂಕುಮ ಇಡುವುದು ಬಿಟ್ಟರೆ ಯಾರೂ ಮುಟ್ಟುತ್ತಿರಲಿಲ್ಲ. ತಮ್ಮ ಮೂಕಪ್ಪನಿಗೆ ಸರ್ಕಾರಿ ಬಸ್ಸಿನ ಕಂಡಕ್ಟರ್ ಕೆಲಸ ಸಿಕ್ಕ ವರ್ಷ ದುರುಗಕ್ಕನಿಗೆ ಭಕ್ತಿ ಉಕ್ಕಿತು. ವೆಲ್ಡಿಂಗ್ ಅಂಗಡಿಗೆ ಒಯ್ದು ಹೊಸ ಹಿಡಿ ಕೂರಿಸಿ, ನಳಿಕೆಗೆ ಸಿಲ್ವರ್ ಪೇಂಟ್ ಬಳಿಸಿ ತಂದಳು. ಆ ಪೂಜೆಯ ಫೋಟೊ ಮೂಕಪ್ಪನ ಮೊಬೈಲಿನಿಂದ ಹೊರಟು ಪೊಲೀಸರವರೆಗೂ ಹೋಯಿತು. ಲೈಸೆನ್ಸ್ ಇಲ್ಲದ ಹೊಸ ನಾಡಬಂದೂಕು ಎಂದು ಅವನ ಮೇಲೆ ಕೇಸಾಯಿತು. ಪೊಲೀಸರ ಪರವಾಗಿ ಪರೀಕ್ಷಿಸಿದವರೂ ಮೇಲಿನಿಂದ ನೋಡಿ ಹೊಸದೆಂದೇ ಬರೆದರು. ಮೂಕಪ್ಪ ಸಸ್ಪೆಂಡ್ ಆದ. ಶಿಕ್ಷೆಯಾದರೆ ಕೆಲಸವೇ ಹೋಗುತ್ತಿತ್ತು.

"ಪೇಂಟ್ ಬಳಿಸಿದ್ದು ನಾನು ಅಂತ ಜಡ್ಜ್ ಮುಂದೆ ಹೇಳ್ತೀನ್ರಿ. ಕೆರೆದು ನೋಡ್ಲಿ, ಒಳಗೆ ಹಳೇದೇ ಐತೆ," ಎಂದಳು ದುರುಗಕ್ಕ.

"ಸುಮ್ನಿರಕ್ಕ. ಹಂಗೆ ಹೇಳಿದ್ರೆ ಕೇಸು ನಿನ್ನ ಮೇಲೂ ಬರುತ್ತೆ," ಎಂದೆ ನಾನು.

"ಬರ್ಲಿ ಬಿಡ್ರಿ. ತಪ್ಪು ಮಾಡಿದ್ದು ನಾನು, ಅವನ್ಯಾಕೆ ಮನೇಲಿ ಕೂರ್ಬೇಕು?"

ನನಗೆ ಸಿಟ್ಟು ಬಂತು. ಕೆರೆದು ನೋಡಿಸುವ ಯೋಚನೆ ನನಗೇ ಬರಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು.

ನನಗೆ ಹೇಳಿದಂತೆಯೇ ಜಡ್ಜ್ ಮುಂದೆಯೂ ಹೇಳಿದಳು. ಅವರ ಆದೇಶದಂತೆ ಬಂದೂಕು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಯಿತು. ಅಲ್ಲಿನ ತಜ್ಞೆ ಅರ್ಪಿತಾ ಪೇಂಟನ್ನು ಸ್ವಲ್ಪ ಸ್ವಲ್ಪವೇ ಕರಗಿಸಿ ತೆಗೆದರು. ಸಂದುಗಳಲ್ಲಿ ಎಣ್ಣೆ ಕುಂಕುಮ ಪದರ ಪದರವಾಗಿ ಗಟ್ಟಿಯಾಗಿತ್ತು. ಅದರ ಕೆಳಗೆ, ಹಿಂದಿನ ಕಾಲದ ಕಮ್ಮಾರರು ಮಾಡುತ್ತಿದ್ದಂತೆ ಕಬ್ಬಿಣದ ಪಟ್ಟಿಯನ್ನು ಸುತ್ತಿ ಸುತ್ತಿಗೆಯಲ್ಲಿ ಬಡಿದು ಕೂಡಿಸಿದ ಗೆರೆ ಕಂಡಿತು. ನಳಿಕೆಯೊಳಗೆ ಪುಟ್ಟ ಕ್ಯಾಮೆರಾ ಇಳಿಸಿದರು. ಬತ್ತಿಯ ಬೆಂಕಿ ಮದ್ದಿಗೆ ದಾಟುವ ಕಿಂಡಿ ತುಕ್ಕಿನಿಂದ ಮುಚ್ಚಿತ್ತು, ಕಬ್ಬಿಣ ಒಳಗಿನಿಂದಲೇ ತಿಂದುಹೋಗಿತ್ತು. ಹಿಡಿ ಮತ್ತು ಬಣ್ಣ ಮಾತ್ರ ಹೊಸದು, ಬಂದೂಕಿಗೆ ನೂರೈವತ್ತು ವರ್ಷಕ್ಕೂ ಮೇಲಾಗಿದೆ, ಇನ್ನೆಷ್ಟು ರಿಪೇರಿ ಮಾಡಿಸಿದರೂ ಗುಂಡು ಹಾರದು ಎಂದು ವರದಿ ಬಂತು.

ಮೂಕಪ್ಪನ ಮೇಲಿನ ಕೇಸು ವಜಾ ಆಯಿತು, ದುರುಗಕ್ಕನ ಮೇಲೂ ಏನೂ ಬರಲಿಲ್ಲ. ಬಂದೂಕನ್ನು ಮನೆಗೆ ಒಯ್ಯಬಹುದು ಎಂದರು ನ್ಯಾಯಾಧೀಶರು.

"ಬ್ಯಾಡ ಸ್ವಾಮಿ, ಮ್ಯೂಸಿಯಂಗೆ ಕೊಡ್ರಿ. ನನ್ ತಮ್ಮನ ಕೆಲ್ಸ ಉಳೀತು, ಸಾಕು."

ಹಿಂದೆ ನಿಂತಿದ್ದ ಮೂಕಪ್ಪ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ನನ್ನ ಕಣ್ಣೂ ತುಂಬಿತು. ದುರುಗಕ್ಕ ಮಾತ್ರ, ಡಿಪೋದಲ್ಲಿ ತೋರಿಸಾಕೆ ಆದೇಶದ ನಕಲು ಇವತ್ತೇ ಸಿಗುತ್ತೇನ್ರಿ ಎಂದು ನನ್ನನ್ನು ಕೇಳಿದಳು.