ರೇಷ್ಮೆ ಸುತ್ತಿದ ಜಾಯಿಂಟು

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಬಾಯಿ ತೆಗೆದರೆ ನಗುತ್ತಿದ್ದವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಳಬಾಗಿಲಿನಲ್ಲಿ ಇಪ್ಪತ್ತು ವರ್ಷದಿಂದ ಬೈಕುಗಳ ವೈರಿಂಗ್ ಕೆಲಸ ಮಾಡಿಕೊಂಡಿದ್ದೇನೆ. ಹಾರನ್ ತಾನಾಗಿಯೇ ಕೂಗಿತು, ನಡುದಾರಿಯಲ್ಲಿ ದೀಪ ಆರಿತು, ಗಾಡಿಗೆ ಏನೋ ಮೆಟ್ಟಿಕೊಂಡಿದೆ ಎಂದು ನಿಂಬೆಹಣ್ಣು ಕಟ್ಟಿಸಿಕೊಂಡು ನನ್ನ ಅಂಗಡಿಗೆ ಬಂದವರು ಒಬ್ಬಿಬ್ಬರಲ್ಲ. "ನಿಂಬೆಹಣ್ಣು ಬಿಚ್ಕೊಂಡು ಹೋಗಿ, ಪಾನಕಕ್ಕಾಗ್ತದೆ. ಗಾಡಿ ಇಲ್ಲಿ ಬಿಡಿ" ಎನ್ನುತ್ತಿದ್ದೆ. ಬಿಚ್ಚಿ ನೋಡಿದರೆ ಇಲಿ ಕಡಿದ ವೈರು, ಇಲ್ಲವೇ ನೀರು ಕುಡಿದ ಸ್ವಿಚ್ಚು. ಕರೆಂಟು ಬಹಳ ನೇರವಾದ ಆಸಾಮಿ. ದಾರಿ ಇದ್ದರೆ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ. ಅದರ ನಡುವೆ ಇನ್ನೊಂದು ಇರಬಹುದೆಂದು ನಾನು ಯೋಚಿಸಿದವನೇ ಅಲ್ಲ.

ಈ ಬುದ್ಧಿ ಕಲಿಸಿದವರು ನಮ್ಮ ಗುರುಗಳು ಮುನಿಯಪ್ಪನವರು. ಅವರ ಮನೆಯಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಕಸುಬು. ಹಾಗಾಗಿ ಅವರ ಅಂಗಿಯ ಜೇಬಿನಲ್ಲಿ ಯಾವಾಗಲೂ ರೇಷ್ಮೆ ದಾರದ ಒಂದು ಉಂಡೆ ಇರುತ್ತಿತ್ತು. ತುಂಡಾದ ವೈರನ್ನು ಸುಮ್ಮನೆ ಹೊಸೆದು ಟೇಪು ಸುತ್ತಿದರೆ ಅವರಿಗೆ ಮೈಯೆಲ್ಲ ಉರಿ. ಮೊದಲು ಬೆಸುಗೆ ಹಾಕಬೇಕು, ಅದರ ಮೇಲೆ ರೇಷ್ಮೆ ದಾರವನ್ನು ಒತ್ತೊತ್ತಾಗಿ ಸುತ್ತಿ ಗಂಟು ಹಾಕಬೇಕು, ಎರಡು ಹನಿ ಮೇಣ ಬಿಡಬೇಕು, ಆಮೇಲೆ ಟೇಪು. ಅವರು ಎಡಗೈಯವರು. ಆದ್ದರಿಂದ ಆ ಸುತ್ತು ನಾವೆಲ್ಲ ಸುತ್ತುವುದಕ್ಕಿಂತ ಉಲ್ಟಾ ಹೋಗುತ್ತಿತ್ತು. ಕಲಿಯಲು ನಾನೂ ಬಹಳ ಹೆಣಗಿದೆ, ಕೈ ಬಗ್ಗಲಿಲ್ಲ. ಎಲ್ಲ ಮುಗಿದ ಮೇಲೆ ಜಾಯಿಂಟನ್ನು ಎರಡೂ ಕಡೆಯಿಂದ ಜಗ್ಗಿ, "ಚೂಸಿ ನಮ್ಮೊದ್ದುರಾ, ಲಾಗಿ ಚೂಡು" ಎಂದು ತೆಲುಗಿನಲ್ಲಿ ಹೇಳುವರು. ನೋಡಿ ನಂಬಬೇಡ, ಎಳೆದು ನೋಡು ಎಂದು. ಅವರು ತೀರಿಕೊಂಡ ಮೇಲೆ ಆ ಪದ್ಧತಿಯೂ ಅವರ ಜೊತೆಗೇ ಹೋಯಿತು. ನಮಗೆಲ್ಲಿ ಅಷ್ಟು ಪುರುಸೊತ್ತು?

ಗುರುಗಳು ಹೋಗಿ ಆರು ವರ್ಷವಾಗಿತ್ತು. ಒಂದು ಸಂಜೆ ಮಂಜುನಾಥ ಬಂದ. ನನ್ನ ಜೊತೆ ಶಾಲೆಗೆ ಬಂದವನು, ತಾಯಲೂರಿನ ಆಚೆ ಒಂದು ಹಳ್ಳಿಯಲ್ಲಿ ಹಿಪ್ಪುನೇರಳೆ ಬೆಳೆಯುತ್ತಿದ್ದ. ಅವನ ಹಳೆಯ ಬೈಕಿನ ಹ್ಯಾಂಡಲ್ ಎಡಕ್ಕೆ ತಿರುಗಿದರೆ ಸಾಕು, ಮುಂದಿನ ದೀಪ ಆರಿಹೋಗುತ್ತಿತ್ತು. ಇದು ನಮಗೆ ಚಿರಪರಿಚಿತ ಕಾಯಿಲೆ. ಹ್ಯಾಂಡಲ್ ತಿರುಗುವ ಕತ್ತಿನ ಹತ್ತಿರ ವೈರು ದಿನವೂ ಬಗ್ಗಿ ಬಗ್ಗಿ ಒಳಗಿನ ತಂತಿ ಮುರಿದಿರುತ್ತದೆ, ಹೊರಗಿನ ಪ್ಲಾಸ್ಟಿಕ್ ಮಾತ್ರ ಹೊಸದರಂತೆ ಕಾಣುತ್ತದೆ. ಹತ್ತು ನಿಮಿಷದಲ್ಲಿ ಜಾಗ ಹಿಡಿದು ಕೆಟ್ಟ ತುಂಡನ್ನು ಕತ್ತರಿಸಿ ತೆಗೆದೆ. ಅಷ್ಟರಲ್ಲಿ ಕರೆಂಟು ಹೋಯಿತು. ಬೆಸುಗೆ ಹಾಕುವ ಕಡ್ಡಿ ಕಾಯುವ ಹಾಗಿಲ್ಲ.

"ಲೇ, ಅರ್ಧ ಗಂಟೆ ಕೂತ್ಕೋ, ಕರೆಂಟ್ ಬರ್ಲಿ" ಎಂದೆ.

"ಆಗಲ್ಲ ಕಣೋ. ಬೆಳಗ್ಗೆ ರತ್ನನ ಹತ್ರ ಜಗಳ ಆಡ್ಕೊಂಡು ಬಂದಿದೀನಿ. ಅವಳು ಹಟಕ್ಕೆ ಊಟ ಮಾಡಿರಲ್ಲ. ದೋಸೆ ಕಟ್ಟಿಸ್ಕೊಂಡಿದೀನಿ, ಆರೋಗ್ತದೆ. ಏನೋ ಒಂದು ಮಾಡಿ ಕಳ್ಸು" ಎಂದ.

ಹ್ಯಾಂಡಲ್‌ಗೆ ತಗುಲಿಹಾಕಿದ್ದ ಚೀಲದಿಂದ ಬೆಣ್ಣೆಯ ವಾಸನೆ ಬರುತ್ತಿತ್ತು. ನಾನು ಎರಡು ತುದಿಗಳನ್ನು ಬೆರಳಲ್ಲೇ ಹೊಸೆದೆ. ಕಪ್ಪು ಟೇಪು ಮುಗಿದಿತ್ತು, ಮೂಲೆಯಲ್ಲಿ ಬಿದ್ದಿದ್ದ ಹಳದಿ ಟೇಪನ್ನು ನಾಲ್ಕು ಸುತ್ತು ಸುತ್ತಿ ಹಲ್ಲಿನಲ್ಲಿ ಹರಿದೆ. ದೀಪ ಹತ್ತಿತು. ಹ್ಯಾಂಡಲ್ ಎಡಕ್ಕೆ ತಿರುಗಿಸಿ ನೋಡಲಿಲ್ಲ, ಎಳೆದೂ ನೋಡಲಿಲ್ಲ. "ನಾಳೆ ಬಾರೋ, ಪಕ್ಕಾ ಮಾಡ್ಕೊಡ್ತೀನಿ" ಎಂದೆ. "ಬರ್ತೀನಿ" ಎಂದು ಹೋದ.

ಒಂದು ಗಂಟೆಯೂ ಆಗಿರಲಿಲ್ಲ, ಫೋನು ಬಂತು. ಕೆರೆ ಏರಿಯ ಮೇಲೆ ರಸ್ತೆ ಎಡಕ್ಕೆ ತಿರುಗುವ ಕಡೆ ಕೆಟ್ಟು ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರಿಗೆ ಹಿಂದಿನಿಂದ ಗುದ್ದಿದ್ದ. ಅಲ್ಲೇ ಪ್ರಾಣ ಹೋಗಿತ್ತು. ಎಡಕ್ಕೆ ತಿರುಗುವ ಕಡೆ ಎಂದು ಕೇಳಿದಾಗಲೇ ನನಗೆ ಎಲ್ಲ ಗೊತ್ತಾಯಿತು. ಜ್ವರ ಎಂದು ಸುಳ್ಳು ಹೇಳಿ ನಾನು ಮಣ್ಣಿಗೂ ಹೋಗಲಿಲ್ಲ.

ಎಂಟು ತಿಂಗಳು ಕಳೆಯಿತು. ಇಂಥ ಕಥೆಗಳೆಲ್ಲ ರಾತ್ರಿ ಹೊತ್ತು ನಡೆಯುತ್ತವೆ ಎಂದು ಕೇಳಿದ್ದೇನೆ. ನನ್ನದು ಮಧ್ಯಾಹ್ನ ಎರಡೂವರೆಗೆ, ಸುಡುಬಿಸಿಲಿನಲ್ಲಿ. ಅಂಗಡಿಯ ಮುಂದೆ ಒಂದು ಲಗೇಜ್ ಆಟೋ ನಿಂತಿತು. ಹಿಂದೆ ಮಂಜುನಾಥನ ಬೈಕು, ಮುಂದೆ ಅವನ ಹೆಂಡತಿ ರತ್ನಮ್ಮ. ಬೈಕಿನ ಮುಂಭಾಗ ನಜ್ಜುಗುಜ್ಜಾಗಿತ್ತು, ದೀಪವಿದ್ದ ಜಾಗದಲ್ಲಿ ಬರೀ ತೂತು.

"ಅಣ್ಣ, ಇದನ್ನ ರಿಪೇರಿ ಮಾಡ್ಬೇಡ" ಎಂದಳು. "ಆವತ್ತು ಲೈಟ್ ಹತ್ತಿತ್ತಾ ಇಲ್ವಾ, ಅಷ್ಟು ನೋಡಿ ಹೇಳು. ಬೆಳಗ್ಗೆ ನಾನಾಡಿದ ಮಾತಿಗೆ ನೊಂದ್ಕೊಂಡು ಅವ್ರು ಬೇಕಂತಲೇ ಹೋಗಿ ಗುದ್ದವ್ರೆ ಅಂತ ನಮ್ಮತ್ತೆ ಮಾವ ದಿನಾ ಅಂತಾರೆ. ವರ್ಷದ ತಿಥಿ ಆದ್ಮೇಲೆ ಆ ಮನೆಯಾಗೆ ಇರೋ ಹಂಗಿಲ್ಲ ಅಂದವ್ರೆ. ಲೈಟ್ ಆರೋಗಿದ್ರೆ ಅವ್ರು ಬೇಕಂತ ಮಾಡಿಲ್ಲ ಅಂತಾಯ್ತು. ಹತ್ತಿತ್ತು ಅಂದ್ರೆ..." ಎನ್ನುತ್ತ ಬೆಂಚಿನ ಮೇಲೆ ಕೂತಳು.

ಅವನು ಕಡೆಯದಾಗಿ ನಿಂತದ್ದು ನನ್ನ ಅಂಗಡಿಯಲ್ಲಿ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದ ನಾನು ಎಂಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಆ ಹೊತ್ತಿನಲ್ಲಿ ನನಗಾದ ನಾಚಿಕೆಯನ್ನು ಹೇಗೆ ಬರೆಯಬೇಕೋ ತಿಳಿಯದು.

ಕತ್ತಿನ ಹತ್ತಿರದ ವೈರುಗಳನ್ನು ಬಿಡಿಸಿದೆ. ನನ್ನ ಹಳದಿ ಟೇಪು ಹಾಗೇ ಇತ್ತು. ತುದಿಯಲ್ಲಿ ನನ್ನ ಹಲ್ಲಿನ ಗುರುತು, ಮೇಲೆ ಧೂಳು ಗ್ರೀಸು ಕೂತು ಗಟ್ಟಿಯಾದ ಪದರ. ಯಾರೂ ಮುಟ್ಟಿರಲಿಲ್ಲ. ಒಳಗೆ ನಾನು ಹೊಸೆದ ಬರಿಯ ತಂತಿ ಬಿಚ್ಚಿಕೊಂಡಿರುತ್ತದೆ ಎಂದುಕೊಂಡೇ ಟೇಪು ಸುಲಿದೆ.

ಒಳಗೆ ರೇಷ್ಮೆ ದಾರವಿತ್ತು.

ಒತ್ತೊತ್ತಾಗಿ, ಒಂದು ಕೂದಲು ತೂರದ ಹಾಗೆ ಸುತ್ತಿದ ದಾರ. ಮೇಲೆ ಎರಡು ಹನಿ ಮೇಣ. ಸುತ್ತು ಉಲ್ಟಾ. ಉಗುರಿನಿಂದ ಸ್ವಲ್ಪ ಸರಿಸಿ ನೋಡಿದರೆ ಬೆಸುಗೆ ಮಿಂಚುತ್ತಿತ್ತು. ನನ್ನ ಕೈಗಳು ತಾವಾಗಿಯೇ ಎರಡೂ ಕಡೆಯಿಂದ ಜಗ್ಗಿದವು, ಬಿಡಲಿಲ್ಲ. ಅಂಗಡಿಯ ಬ್ಯಾಟರಿಗೆ ಟೆಸ್ಟ್ ಲ್ಯಾಂಪ್ ಕಟ್ಟಿ, ಅದರ ಪುಟ್ಟ ಬಲ್ಬಿನ ದಾರಿಯಲ್ಲಿ ಆ ವೈರನ್ನು ಸೇರಿಸಿದೆ. ಬಲ್ಬು ಹತ್ತಿತು. ವೈರನ್ನು ಎಡಕ್ಕೆ ಬಗ್ಗಿಸಿದೆ. ಆರಲಿಲ್ಲ.

ಬುದ್ಧಿವಂತರಾದ ನೀವು ಏನು ಕೇಳುತ್ತೀರೋ ಅದನ್ನೆಲ್ಲ ನಾನೂ ಕೇಳಿಕೊಂಡಿದ್ದೇನೆ. ಬೇರೆ ಮೆಕ್ಯಾನಿಕ್ ಮಾಡಿರಬಹುದೇ? ಮೇಲಿದ್ದ ಟೇಪು ನನ್ನದು, ಮತ್ತು ಆಮೇಲೆ ಅವನು ಬದುಕಿದ್ದದ್ದು ಒಂದು ಗಂಟೆಯೂ ಇಲ್ಲ. ನಾನೇ ಮೈಮರೆತು ಮಾಡಿರಬಹುದೇ? ಕರೆಂಟಿಲ್ಲದೆ ಬೆಸುಗೆ ಹೇಗೆ ಹಾಕಲಿ? ದಾರ ನನ್ನ ಅಂಗಡಿಯಲ್ಲೇ ಇಲ್ಲ, ಆ ಸುತ್ತು ನನ್ನ ಕೈಗೆ ಬರುವುದೂ ಇಲ್ಲ.

ಸುಳ್ಳೇಕೆ ಹೇಳಲಿ, ಮೊದಲು ಎದೆ ಹಗುರವಾಯಿತು. ಜಾಯಿಂಟು ಗಟ್ಟಿ, ನಾನು ಕೊಂದಿಲ್ಲ. ಆಮೇಲೆ ಬೆಂಚಿನ ಕಡೆ ನೋಡಿದೆ. ಜಾಯಿಂಟು ಗಟ್ಟಿ ಎಂದರೆ ದೀಪ ಹತ್ತಿತ್ತು. ದೀಪ ಹತ್ತಿತ್ತು ಎಂದರೆ ಅವನಿಗೆ ಟ್ರೇಲರ್ ಕಂಡಿತ್ತು. ನನ್ನನ್ನು ಉಳಿಸಿದ ಆ ದಾರ ಅವಳನ್ನು ಮನೆಯಿಂದ ಹೊರಗೆ ಹಾಕುತ್ತಿತ್ತು. ಆದರೆ ದೋಸೆ ಆರಿಹೋಗುತ್ತದೆ ಎಂದು ಅವಸರ ಮಾಡಿದ ಮನುಷ್ಯ ಬೇಕೆಂದು ಹೋಗಿ ಗುದ್ದುತ್ತಾನೆಯೇ?

"ಏನಾಯ್ತಣ್ಣ?" ಎಂದಳು.

ಆ ತುಂಡನ್ನು ಕತ್ತರಿಸಿ ಮುಷ್ಟಿಯಲ್ಲಿ ಮುಚ್ಚಿಕೊಂಡೆ. "ಲೈಟ್ ಆರೋಗಿತ್ತಮ್ಮ. ಆವತ್ತು ಸಂಜೆ ಇದನ್ನ ಹಾಕಿದೋನು ನಾನೇ. ನನ್ನ ಜಾಯಿಂಟು ಬಿಟ್ಟೋಗಿತ್ತು. ತಪ್ಪು ನಂದು" ಎಂದೆ. ಕರೆಂಟು ಹೋದದ್ದು, ಅವನ ಅವಸರ, ಎಲ್ಲ ಹೇಳಿದೆ. ಅವಳು ಬೈಯಲಿಲ್ಲ.

"ನಂಗೆ ದೋಸೆ ತಂದಿದ್ರಾ?" ಎಂದಷ್ಟೇ ಕೇಳಿದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅತ್ತಳು.

ಮಾರನೆಯ ದಿನ ಅವರ ಮನೆಗೆ ಹೋಗಿ ಅತ್ತೆ ಮಾವನ ಮುಂದೆಯೂ ಅದನ್ನೇ ಹೇಳಿದೆ. ಆ ಮುದುಕರು ಚಪ್ಪಲಿ ಕೈಗೆ ತೆಗೆದುಕೊಂಡರು, ನಾನು ತಡೆಯಲಿಲ್ಲ. ರತ್ನಮ್ಮ ಇವತ್ತಿಗೂ ಆ ಮನೆಯಲ್ಲೇ ಇದ್ದಾಳೆ, ಹಿಪ್ಪುನೇರಳೆ ತೋಟ ಅವಳೇ ನೋಡಿಕೊಳ್ಳುತ್ತಾಳೆ. ಆ ಊರಿನ ಒಂದು ಗಾಡಿಯೂ ಆಮೇಲೆ ನನ್ನ ಅಂಗಡಿಗೆ ಬರಲಿಲ್ಲ. ಬರಬಾರದು ಕೂಡ.

ಆವತ್ತು ನಾನು ಹೇಳಿದ್ದು ನಿಜವೋ ಸುಳ್ಳೋ ನನಗೆ ಇನ್ನೂ ತಿಳಿದಿಲ್ಲ. ಕೈ ಮಾಡಿದ್ದನ್ನು ನಂಬಿದರೆ ನಿಜ, ಕಣ್ಣು ಕಂಡದ್ದನ್ನು ನಂಬಿದರೆ ಸುಳ್ಳು. ಗುರುಗಳು ನನ್ನ ತಪ್ಪನ್ನು ತಿದ್ದಲು ಬಂದಿದ್ದರೆ ಆ ಸಂಜೆಯೇ ಬರಲಿಲ್ಲವೇಕೆ? ಅಥವಾ ಬಂದಿದ್ದರೇ? ಆಗ ಮಂಜುನಾಥ ಸತ್ತದ್ದು ಹೇಗೆ?

ಆ ತುಂಡು ನನ್ನ ಸ್ಕ್ರೂ ಡಬ್ಬಿಯಲ್ಲಿದೆ. ಗಿರಾಕಿಗಳಿಲ್ಲದ ಮಧ್ಯಾಹ್ನ ಕೆಲವೊಮ್ಮೆ ತೆಗೆದು ಟೆಸ್ಟ್ ಲ್ಯಾಂಪಿಗೆ ಕಟ್ಟುತ್ತೇನೆ. ಎಡಕ್ಕೆ ಬಗ್ಗಿಸುತ್ತೇನೆ, ಬಲಕ್ಕೆ ಬಗ್ಗಿಸುತ್ತೇನೆ, ಗುರುಗಳು ಹೇಳಿದಂತೆ ಎಳೆದೂ ನೋಡುತ್ತೇನೆ. ಒಂದೇ ಒಂದು ಸಲ ಆರಿದರೆ ಸಾಕು, ರತ್ನಮ್ಮನಿಗೆ ನಾನು ಹೇಳಿದ್ದು ನಿಜವಾಗುತ್ತದೆ. ಅದು ಇವತ್ತಿನವರೆಗೂ ಆರಿಲ್ಲ.