ನಾಟಿಗೆ ಮುಂಚೆ ಗದ್ದೆಗಿಳಿಯುವ ಸಾಕಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಿ. ನರಸೀಪುರದಿಂದ ಸೋಮನಾಥಪುರಕ್ಕೆ ಹೋಗುವ ರಸ್ತೆಯ ಮಗ್ಗುಲಿಗಿರುವ ಗದ್ದೆಯಲ್ಲಿ ನೀರು ನಿಂತಿದೆ. ನಿನ್ನೆ ಸಂಜೆ ಉತ್ತು ಮಟ್ಟ ಮಾಡಿದ ಕೆಸರು ರಾತ್ರಿ ಕಳೆಯುವುದರೊಳಗೆ ತಳಕ್ಕೆ ಕೂತಿದೆ. ನಾಟಿಗೆ ಬಂದ ಹೆಂಗಸರು ಸೀರೆ ಎತ್ತಿ ಕಟ್ಟಿಕೊಂಡು, ಎಲೆ ಅಡಿಕೆ ಮೆಲ್ಲುತ್ತಾ ಬದುವಿನ ಮೇಲೆ ಸಾಲಾಗಿ ಕೂತಿದ್ದಾರೆ. ಯಾರೂ ಇಳಿಯುವುದಿಲ್ಲ. ಕೆಸರಿನಲ್ಲಿ ಇರುವವರು ಸಾಕಮ್ಮ ಒಬ್ಬರೇ.

ಸೊಂಟ ಬಗ್ಗಿಸಿ, ಎರಡೂ ಅಂಗೈಯನ್ನು ಕೆಸರಿನೊಳಗೆ ಬಿಟ್ಟು, ಮೆಲ್ಲಗೆ ಸವರುತ್ತಾ ರಸ್ತೆ ಬದಿಯ ಬದುವಿನುದ್ದಕ್ಕೂ ಸಾಗುತ್ತಾರೆ. ಒಂದು ಕಡೆ ಕೈ ನಿಲ್ಲುತ್ತದೆ. ಎತ್ತಿದರೆ ಬಾಟಲಿಯ ಕತ್ತು, ಮುಚ್ಚಳ ಹಾಗೇ ಇದೆ, ಕೆಳಗೆ ಹಲ್ಲಿನಂತೆ ಮುರಿದ ಗಾಜು. ನೀರಿನಲ್ಲಿ ಅದ್ದಿ ತೊಳೆದು, ಹಿಂದೆ ತೇಲಿಸಿಕೊಂಡು ಬರುತ್ತಿರುವ ಬಾಂಡ್ಲಿಗೆ ಹಾಕುತ್ತಾರೆ.

“ಕೈ ಕುಯ್ಯಲ್ವಾ ಸಾಕಮ್ಮ?” ಅಂದರೆ ನಗುತ್ತಾರೆ. “ಮೆಲ್ಗ್ ಸವರುದ್ರೆ ಏನೂ ಆಗಲ್ಲ ಸಾ. ಕಾಲಾದ್ರೆ ಮೈ ಭಾರ ಎಲ್ಲಾ ಅದರ್ ಮೇಲೇ ಬೀಳ್ತದಲ್ಲ, ಅದ್ಕೇ ಕಾಲು ಓಯ್ತದೆ.”

ಈ ಕೆಲಸಕ್ಕೆ ಅವರಿಗೆ ಯಾರೂ ಕೂಲಿ ಕೊಡುವುದಿಲ್ಲ. ಕೂಲಿ ಶುರುವಾಗುವುದು ನಾಟಿಯಿಂದ.

ಸಾಕಮ್ಮನ ತವರು ನಂಜನಗೂಡು ತಾಲ್ಲೂಕಿನ ಹೆಡತಲೆ. ಮದುವೆಯಾಗಿ ಇತ್ತ ಬಂದು ಮೂವತ್ತು ವರ್ಷವಾಗಿರಬೇಕು, ಅವರಿಗೇ ಲೆಕ್ಕವಿಲ್ಲ. ಗಂಡ ಜ್ವರ ಬಂದು ಬೇಗ ತೀರಿಕೊಂಡರು. ಅಂದಿನಿಂದ ಪಕ್ಕದ ಮನೆಯಲ್ಲಿರುವ ಮೈದುನ ನಾಗಯ್ಯ, ಅವರ ಹೆಂಡತಿ ಚಿಕ್ಕತಾಯಮ್ಮ ಇವರೇ ಸಾಕಮ್ಮನಿಗೆ ಮನೆಯವರು. ವಾರಗಿತ್ತಿಯರಿಬ್ಬರೂ ಒಟ್ಟಿಗೇ ನಾಟಿಗೆ ಹೋದವರು. ಹತ್ತು ಹನ್ನೆರಡು ಹೆಂಗಸರ ಗುಂಪಿಗೆ ಸಾಕಮ್ಮ ಯಜಮಾನಿ. ನಾಲೆಗೆ ನೀರು ಬಿಟ್ಟರೆ ಮುಡುಕುತೊರೆ ಕಡೆಯಿಂದಲೂ ಈ ಗುಂಪಿಗೆ ಕರೆ ಬರುತ್ತದೆ.

ನಾಟಿಯವರು ಮುಂದಕ್ಕೆ ನಡೆಯುವುದಿಲ್ಲ. ನೆಟ್ಟ ಪೈರು ತುಳಿಯಬಾರದೆಂದು ಹಿಂದು ಹಿಂದಕ್ಕೆ ಹೋಗುತ್ತಾರೆ. ಕಣ್ಣು ಮುಂದಿನ ಪೈರಿನ ಮೇಲೆ, ಕಾಲು ಕಾಣದ ಕೆಸರಿನ ಒಳಗೆ. ಚಪ್ಪಲಿ ಹಾಕಿದರೆ ಕೆಸರು ಕಿತ್ತುಕೊಳ್ಳುತ್ತದೆ.

“ಮದ್ಲು ಗದ್ದೇಲಿ ಗಾಜು ಅನ್ನೋದೇ ಇರ್ನಿಲ್ಲ ಸಾ,” ಅನ್ನುತ್ತಾರೆ ಸಾಕಮ್ಮ. ಆಗ ಊರಿನ ಗಂಡಸರು ಸಾರಾಯಿ ಅಂಗಡಿಯಲ್ಲೇ ನಿಂತು ಕುಡಿದು ಬರುತ್ತಿದ್ದರು. ಗದ್ದೆಗೆ ಬಂದರೂ ಬರುತ್ತಿದ್ದುದು ಪ್ಲಾಸ್ಟಿಕ್ ಪಾಕೀಟು. ಎರಡು ವರ್ಷದ ಹಿಂದೆ, ೨೦೦೭ರಲ್ಲಿ, ಸರ್ಕಾರ ಸಾರಾಯಿ ನಿಲ್ಲಿಸಿತು. ಹೆಂಗಸರೆಲ್ಲ ಸೇರಿ ಪಾಯಸ ಮಾಡಿದರು, ಸಾಕಮ್ಮನ ಮನೆ ಒಲೆಯಲ್ಲೇ. ಪಾಯಸದ ಖುಷಿ ತಿಂಗಳು ನಿಲ್ಲಲಿಲ್ಲ. ಗಂಡಸರು ವೈನ್ ಸ್ಟೋರಿನ ಗಾಜಿನ ಕ್ವಾರ್ಟರ್ ಬಾಟಲಿಗೆ ಹೋದರು. ಅಲ್ಲಿ ಕೊಳ್ಳಬಹುದು, ಕೂತು ಕುಡಿಯುವ ಹಾಗಿಲ್ಲ. ಪೇಟೆಯ ಬಾರಿನಲ್ಲಿ ಕೂರಲು ಕೂಲಿಯವನಿಗೆ ಕೈಲಾಗದು. ಮನೆಗೆ ತಂದರೆ ಮಕ್ಕಳ ಮುಂದೆ ಜಗಳ. ಹಾಗಾಗಿ ಸಂಜೆಯಾದರೆ ರಸ್ತೆ ಬದಿಯ ಬದುವೇ ಅವರ ಬಾರ್ ಆಯಿತು. ಸೋಮನಾಥಪುರದ ದೇವಸ್ಥಾನ ನೋಡಲು ಬರುವ ಕಾರಿನವರೂ ಅಲ್ಲೇ ನಿಲ್ಲಿಸಿ ಕುಡಿದು ಬಾಟಲಿ ಗದ್ದೆಗೆ ಎಸೆದು ಹೋಗುತ್ತಾರೆ.

ಕಳೆದ ವರ್ಷ ಗುರುಮಲ್ಲಪ್ಪ ಎಂಬ ರೈತರ ಗದ್ದೆಯಲ್ಲಿ ನಾಟಿ ನಡೆಯುತ್ತಿತ್ತು. ಚಿಕ್ಕತಾಯಮ್ಮ ಹಿಂದಕ್ಕೆ ಇಟ್ಟ ಹೆಜ್ಜೆ ಮುರಿದ ಬಾಟಲಿಯ ಮೇಲೆ ಬಿತ್ತು. “ಅವ್ವಾ ಅಂದ್ಳು, ಅಷ್ಟೇ. ನೀರು ಕೆಂಪಾಯ್ತು,” ಎಂದು ಸಾಕಮ್ಮ ನೆನೆಯುತ್ತಾರೆ. ಬಟ್ಟೆ ಕಟ್ಟಿ, ಅರಿಸಿನ ಮೆತ್ತಿ, ಮಾರನೆಯ ದಿನವೂ ಆಕೆ ಕೆಲಸಕ್ಕೆ ಬಂದರು. ಕೆಸರು ಗಾಯಕ್ಕಿಳಿಯಿತು. ಕಾಲು ಕಪ್ಪಾದ ಮೇಲೆ ಮೈಸೂರಿಗೆ ಕರೆದೊಯ್ದರು. ಎರಡು ಬೆರಳು ತೆಗೆಯಬೇಕಾಯಿತು.

ಆ ಗದ್ದೆಯ ಬದುವಿನ ಮೇಲೆ ದಿನಾ ಕುಡಿಯಲು ಕೂರುತ್ತಿದ್ದವರಲ್ಲಿ ನಾಗಯ್ಯನೂ ಒಬ್ಬರು.

“ಆ ಬಾಟ್ಲು ನಂದೋ ಇನ್ನೊಬ್ಬಂದೋ ನಂಗೊತ್ತಿಲ್ಲ ಸಾ,” ಎಂದು ನಾಗಯ್ಯ ನೆಲ ನೋಡುತ್ತಾ ಹೇಳುತ್ತಾರೆ. “ಅವ್ಳು ಒಂದಿನಾನೂ ಕೇಳ್ನಿಲ್ಲ. ಕೇಳಿ ಬೈದಿದ್ರೆ ಚಂದಾಗಿತ್ತು.”

ಹೆಂಗಸರು ಠಾಣೆಗೆ ಹೋದರು. ಪೊಲೀಸರು ಬಂದರು, ಸಾರ್ವಜನಿಕ ಸ್ಥಳದಲ್ಲಿ ಕುಡಿದರೆಂದು ನಾಲ್ಕು ಮಂದಿಯನ್ನು ಹಿಡಿದು ಜೀಪಿಗೆ ಹತ್ತಿಸಿದರು. ನಾಲ್ವರಲ್ಲಿ ನಾಗಯ್ಯನೂ ಇದ್ದರು. ಕೋರ್ಟಿನಲ್ಲಿ ದಂಡ ಬಿತ್ತು. ಗಾಯ ಇನ್ನೂ ಪೂರ್ತಿ ಮಾಗದ ಕಾಲೆಳೆದುಕೊಂಡು ಹೋಗಿ ಆ ದಂಡ ಕಟ್ಟಿ ಬಂದವರು ಚಿಕ್ಕತಾಯಮ್ಮ.

ಕುಡಿಯುವುದು ನಿಲ್ಲಲಿಲ್ಲ, ಜಾಗ ಮಾತ್ರ ಬದಲಾಯಿತು. ರಸ್ತೆ ಬಿಟ್ಟು ಗದ್ದೆಗಳ ಒಳಬದುವಿಗೆ ಹೋದರು. ಜೀಪಿನ ಸದ್ದು ಕೇಳಿದರೆ ಸಾಕ್ಷಿ ಸಿಗಬಾರದೆಂದು ಕೈಲಿದ್ದ ಬಾಟಲಿಯನ್ನು ಕೆಸರಿಗೆ ತುಳಿದು ಓಡುತ್ತಿದ್ದರು. ಅಂಚಿನಲ್ಲಿದ್ದ ಗಾಜು ನಡುಗದ್ದೆಗೆ ಬಂತು. ಸಾಕಮ್ಮ ನಾಟಿಗೆ ಮುಂಚೆ ಗದ್ದೆಗಿಳಿಯಲು ಶುರು ಮಾಡಿದ್ದು ಆಗಲೇ.

ಒಂದು ಸಂಜೆ ಅವರು ಖಾಲಿ ಗೋಣಿಚೀಲ ಹಿಡಿದು ಗಂಡಸರು ಕೂತಿದ್ದಲ್ಲಿಗೇ ಹೋದರು. ಪಂಪ್‌ಸೆಟ್ ರಿಪೇರಿಯ ಮಾದೇಶ್ ಎದ್ದು ನಿಂತರು.

“ಕೂತ್ಕಳ್ಲಾ, ನಾನೇನ್ ಪೊಲೀಸಾ?” ಅಂದರು ಸಾಕಮ್ಮ. “ಕುಡೀಬ್ಯಾಡಿ ಅಂತ ಯೋಳಿ ಯೋಳಿ ನನ್ ಬಾಯಿ ಬಿದ್ದೋಯ್ತು. ಇವತ್ತು ಅದ್ನ ಯೋಳಕ್ ಬಂದಿಲ್ಲ. ನಾಲೆ ತಾವು ಆ ಒಂಗೆ ಮರದಡಿ ಕೂತ್ಕಳಿ, ಗುರುಮಲ್ಲಪ್ನೋರ್‌ನ ಕೇಳಿವ್ನಿ. ಈ ಚೀಲ ಅಲ್ಲೇ ಕಟ್ಟಿರ್ತೀನಿ. ಕುಡುದ್ ಬಾಟ್ಲು ಇದ್ರೊಳಗೆ ಬೀಳ್ಬೇಕು. ಗದ್ದೇಲಿ ಒಂದ್ ಚೂರು ಸಿಕ್ಕುದ್ರೆ, ನಿಮ್ ನಿಮ್ ಎಂಡ್ರುನ್ನೇ ಕರ್ಕಂಡ್ ಬಂದು ಇಲ್ಲಿ ಕೂರಿಸ್ತೀನಿ.”

ಗಂಡಸರು ನಕ್ಕರು. ಆದರೂ ಚೀಲ ತುಂಬತೊಡಗಿತು. ಬಾಂಡ್ಲಿಗೆ ಬೀಳುವ ಗಾಜು ಕಡಿಮೆಯಾಯಿತು.

ಮೂರನೆಯ ವಾರ ಕಾನ್‌ಸ್ಟೇಬಲ್ ಸಿದ್ದಯ್ಯ ಬಂದರು.

“ಏನವ್ವಾ, ಇಲ್ಲಿ ಬಾರ್ ಇಟ್ಟಿದ್ದೀಯಂತೆ?”

“ಬಾರಲ್ಲ ಸಾ, ಚೀಲ.”

“ಕುಡಿಯೋಕೆ ಜಾಗ ಮಾಡ್ಕೊಟ್ಟಿದ್ದೀಯ ಅಂತ ಅರ್ಜಿ ಬಂದದೆ. ಬಯಲಲ್ಲಿ ಕುಡಿಯೋದು ತಪ್ಪು. ಕುಡಿಯೋರಿಗೆ ಅನುಕೂಲ ಮಾಡ್ಕೊಡೋದೂ ತಪ್ಪೇ.”

“ನೀವು ಗಂಡಸ್ರುನ್ನ ಇಡ್ಕಂಡ್ ಓದ್ಮೇಲೆ ಗಾಜು ಜಾಸ್ತಿ ಆಯ್ತು ಸಾ. ಬೇಕಾದ್ರೆ ಬೂಟ್ ಬಿಚ್ಚಿ ಇಳ್ದು ನೋಡಿ.”

ಸಿದ್ದಯ್ಯ ಬೂಟ್ ಬಿಚ್ಚಲಿಲ್ಲ. “ಕಾನೂನು ನಾನ್ ಮಾಡಿದ್ದಲ್ಲ ಕಣವ್ವ. ಚೀಲ ಬಿಚ್ಚು,” ಎಂದರು. ಸಾಕಮ್ಮ ಬಿಚ್ಚಿದರು.

ಅರ್ಜಿ ಕೊಟ್ಟವರು ಯಾರೆಂದು ಹುಡುಕಬೇಕಾಗಲಿಲ್ಲ. ಅದೇ ಸಂಜೆ ಚಿಕ್ಕತಾಯಮ್ಮ ಕುಂಟುತ್ತಾ ಬಂದು ಸಾಕಮ್ಮನ ಬಾಗಿಲಲ್ಲಿ ನಿಂತರು.

“ಅರ್ಜಿ ಕೊಟ್ಟೋಳು ನಾನೇ ಕಣಕ್ಕ.”

“ದಂಡ ಕಟ್ಟಿ ಬಂದೋಳೂ ನೀನೇ ಅಲ್ವಾ?”

“ಇನ್ನೊಂದ್ ಸಲ ಬೇಕಾದ್ರೂ ಕಟ್ತೀನಿ. ಪೊಲೀಸ್ ಎದ್ರಿಕೆಗೆ ವಾರಕ್ಕೆ ಒಂದಿನಾನಾದ್ರೂ ಕುಡೀದೆ ಮನೆಗ್ ಬತ್ತಿದ್ದ. ನೀನು ಮರದಡಿ ನೆಳ್ಳು ಮಾಡ್ಕೊಟ್ಟೆ, ಆ ಒಂದಿನಾನೂ ಓಯ್ತು. ನನ್ ಕಾಲ್ ಓಗಿದ್ದು ಸಾಲ್ದಾ ನಿಂಗೆ?”

“ಅವ್ಳು ಯೋಳಿದ್ದು ಸುಳ್ಳಲ್ಲ ಸಾ,” ಎಂದು ಸಾಕಮ್ಮ ಈಗಲೂ ಒಪ್ಪುತ್ತಾರೆ. “ಗದ್ದೆ ನೋಡುದ್ರೆ ನಾನು ಸರಿ, ಮನೆ ನೋಡುದ್ರೆ ಅವ್ಳು ಸರಿ.” ಅಂದಿನಿಂದ ಅಕ್ಕಪಕ್ಕದ ಮನೆಗಳ ನಡುವೆ ಮಾತು ನಿಂತಿತು. ಹಬ್ಬಕ್ಕೆ ಹೋಳಿಗೆಯೂ ಆಚೀಚೆ ಹೋಗಲಿಲ್ಲ. ಚಿಕ್ಕತಾಯಮ್ಮ ಗುಂಪು ಬಿಟ್ಟು ಕಣದ ಕೆಲಸ ಹುಡುಕಿಕೊಂಡರು.

ಚೀಲ ಬಿಚ್ಚಿದ ಕೆಲವೇ ದಿನಕ್ಕೆ ಬೇಸಿಗೆ ಬೆಳೆಯ ನಾಟಿ ಬಂತು. ಸಾಕಮ್ಮ ಬಾಂಡ್ಲಿ ಹಿಡಿದು ನಸುಕಿಗೇ ಗುರುಮಲ್ಲಪ್ಪನವರ ಗದ್ದೆಗೆ ಹೋದರೆ ಕೆಸರಿನಲ್ಲಿ ಆಗಲೇ ಯಾರೋ ಬಗ್ಗಿದ್ದಾರೆ. ನಾಗಯ್ಯ. ತಾವು ಕೂರುತ್ತಿದ್ದ ಬದುವಿನ ಕೆಳಗೇ ಕೈಯಾಡಿಸುತ್ತಿದ್ದಾರೆ.

“ಈ ಕಡೆ ನಾನ್ ನೋಡ್ತೀನಿ ಅತ್ತಿಗಮ್ಮ, ನೀವು ಆ ಕಡೆ ನೋಡಿ,” ಎಂದರು, ತಲೆ ಎತ್ತದೆ.

ನಾಗಯ್ಯ ಕುಡಿಯುವುದನ್ನು ಬಿಟ್ಟಿಲ್ಲ. ಅದನ್ನು ಮುಚ್ಚಿಡುವುದೂ ಇಲ್ಲ. ಆದರೆ ಖಾಲಿ ಬಾಟಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಂದು ಸಾಕಮ್ಮನ ಹಿತ್ತಲಲ್ಲಿ ಇಡುತ್ತಾರೆ. ಮಾದೇಶರೂ ತಂದರು, ಮಿಕ್ಕವರೂ ತಂದರು. ಈಗ ಹಿತ್ತಲ ಗೋಡೆಯ ಪಕ್ಕ ಬಾಟಲಿಗಳ ದೊಡ್ಡ ರಾಶಿಯೇ ಇದೆ. ಹೊಸದಾಗಿ ಊರಿಗೆ ಬಂದ ಸೊಸೆಯೊಬ್ಬಳು ಅದನ್ನು ನೋಡಿ, “ಪಾಪ, ಆ ಅಜ್ಜಿ ಎಷ್ಟು ಕುಡೀತದೆ” ಅಂದಳಂತೆ. ಅದನ್ನು ಹೇಳಿಕೊಂಡು ಸಾಕಮ್ಮ ಕಣ್ಣಲ್ಲಿ ನೀರು ಬರುವಂತೆ ನಗುತ್ತಾರೆ. ಕಾರಿನವರು ಎಸೆಯುವುದು ಮಾತ್ರ ಇನ್ನೂ ನಿಂತಿಲ್ಲ. ಹಾಗಾಗಿ ನಸುಕಿನ ಕೆಲಸವೂ ನಿಂತಿಲ್ಲ.

ಬಯಲಿನಲ್ಲಿ ಕುಡಿಯಲು ಕಾನೂನು ಬಿಡಬೇಕೇ ಎಂದು ಕೇಳಿದೆ. ಸಾಕಮ್ಮ ಬಾಂಡ್ಲಿ ಕೆಳಗಿಟ್ಟು ಯೋಚಿಸಿದರು. “ದುಡ್ಡಿರೋನು ಫ್ಯಾನ್ ಕೆಳಗೆ ಕುಡುದ್ರೆ ಕಾನೂನು, ನಮ್ಮೋನು ಮರದ ಕೆಳಗೆ ಕುಡುದ್ರೆ ಕೇಸು. ಅದು ನಂಗೆ ಸರಿ ಕಾಣಲ್ಲ. ಅಂಗಂತ ಎಲ್ಲೆಂದ್ರಲ್ಲಿ ಕುಡೀರಿ ಅನ್ನಕ್ಕೂ ಬಾಯ್ ಬರಲ್ಲ. ನಂದು ಒಂದೇ ಆಸೆ. ಗೋಲಿ ಸೋಡಾ ಬಾಟ್ಲುನ್ನ ಅಂಗಡಿಯೋನು ವಾಪಸ್ ಇಸ್ಕತ್ತಾನೆ ಅಲ್ವಾ? ಇದ್ನೂ ಅಂಗೇ ಇಸ್ಕಂಡ್ರೆ ಅವನ್ಗೇನ್ ಗಂಟೋಯ್ತದೆ?”

ಅಷ್ಟು ಹೇಳಿ, ಬದುವಿನ ಕಡೆ ತಿರುಗಿ ಕೂಗುತ್ತಾರೆ: “ಇಳೀರಮ್ಮೀ!”

ಹೆಂಗಸರು ಒಬ್ಬೊಬ್ಬರಾಗಿ ಇಳಿಯುತ್ತಾರೆ. ಕೊನೆಯಲ್ಲಿ ಕೂತಿದ್ದಾಕೆ ಮಾತ್ರ ಏಳುವುದಿಲ್ಲ. ಅವರೇ ಚಿಕ್ಕತಾಯಮ್ಮ. ಕಣದ ಕೆಲಸ ಮುಗಿದು ಈ ಹಂಗಾಮಿಗೆ ಗುಂಪಿಗೆ ಮರಳಿದ್ದಾರೆ, ಆದರೆ ಬದುವಿನ ಮೇಲೇ ಕೂತು ಪೈರಿನ ಕಟ್ಟು ಎಸೆಯುವುದಷ್ಟೇ ಅವರ ಕೆಲಸ. ಇಂದು ನಾಲ್ಕು ಕಟ್ಟು ಎಸೆದು ಎದ್ದು ನಿಂತರು. ಆಮೇಲೆ ಸೀರೆ ಎತ್ತಿ ಕಟ್ಟಿದರು.

“ಚಂದಾಗಿ ನೋಡಿದ್ಯಾ ಅಕ್ಕ?”

“ಎಲ್ಡು ಸಲ ನೋಡಿವ್ನಿ.”

ಮೂರು ಬೆರಳಿನ ಕಾಲು ಮೊದಲು ನೀರು ಮುಟ್ಟುತ್ತದೆ, ಆಮೇಲೆ ಕೆಸರು. ಸಾಕಮ್ಮ ಪಕ್ಕಕ್ಕೆ ಸರಿದು ಸಾಲಿನಲ್ಲಿ ಜಾಗ ಬಿಡುತ್ತಾರೆ. ಇಬ್ಬರೂ ಬಗ್ಗಿ ಹಿಂದು ಹಿಂದಕ್ಕೆ ಹೋಗತೊಡಗುತ್ತಾರೆ. ಕಾನೂನಿನ ಬಗೆಗಿನ ನನ್ನ ಪ್ರಶ್ನೆಯನ್ನು ಚಿಕ್ಕತಾಯಮ್ಮನಿಗೂ ಕೇಳಿದೆ.

“ಬುಡಬಾರ್ದು ಸಾ. ನಾಳೆ ಯಾರಾದ್ರೂ ಬದೀಲಿ ಕುಡೀತಾ ಕೂತಿದ್ರೆ, ನಾನು ಇನ್ನೊಂದ್ ಅರ್ಜಿ ಕೊಡ್ತೀನಿ.”

“ಕೊಡ್ಕಳವ್ವ, ನೀನು ಅರ್ಜಿ ಕೊಡ್ಕ. ಗಾಜು ನಾನ್ ತಗೀತೀನಿ,” ಅನ್ನುತ್ತಾರೆ ಸಾಕಮ್ಮ. “ಈಗ ಆ ಕಟ್ಟು ಇತ್ಲಾಗ್ ಕೊಡು.”